ಮೊದಲು ಆಕ್ಷನ್, ಆಮೇಲೆ ತೋಟಾ

ನಮ್ಮ ಶಾಲೆಯಲ್ಲಿ ಓದಿ ಈಗ ಅಮೆರಿಕದಲ್ಲಿ ಕೆಲಸಕ್ಕಿರುವ ಹಳೆಯ ಶಿಷ್ಯನೊಬ್ಬ ರಜೆಗೆ ಊರಿಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಕಾಫಿ ಕುಡಿಯುತ್ತಾ, "ಸಾರ್, ಒಂದು ರೈಫಲ್ ಮಾಡಿಸ್ತಾ ಇದೀನಿ. ಆಫ್ರಿಕಾಕ್ಕೆ ಹೋಗಿ ಕಾಡೆಮ್ಮೆ ಹೊಡೀಬೇಕು ಅಂತ ಆಸೆ" ಅಂದ.

"ಎಂಥಾ ರೈಫಲ್ಲಪ್ಪಾ?"

".416 ರಿಗ್ಬಿ ಸಾರ್!" ಅಂದ, ಎಸ್ಸೆಸ್ಸೆಲ್ಸಿಯಲ್ಲಿ ರ‍್ಯಾಂಕ್ ಬಂದವನ ಹಾಗೆ.

"ಆಕ್ಷನ್ ಯಾವುದು?"

"ಅದು ಯಾವುದಾದ್ರೂ ಆಗುತ್ತೆ ಸಾರ್. ಕೋವಿ ಮಾಡೋನ ಹತ್ರ ಹಳೇ ಮಿಲಿಟರಿ ಮೌಸರ್ ಒಂದಿದೆಯಂತೆ. ಇಲ್ಲಾಂದ್ರೆ ರೆಮಿಂಗ್ಟನ್."

ನನಗೆ ಸಿಟ್ಟು ಬಂತು. ಅವನ ಮುಂದೆ ಅರ್ಧ ಹೇಳಿದೆ. ಉಳಿದರ್ಧ ಇಲ್ಲಿ ಬರೆಯುತ್ತಿದ್ದೇನೆ.

ಕನ್ನಡ ಶಾಲೆಯ ಮೇಷ್ಟ್ರಿಗೆ ಕೋವಿಯ ಉಸಾಬರಿ ಯಾಕೆ ಅನ್ನಬೇಡಿ. ನಮ್ಮದು ಡೆಂಕಣಿಕೋಟೆ ಸೀಮೆ. ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕ ಶುರುವಾಗುವುದೇ ನಮ್ಮ ಜವಳಗಿರಿಯ ನರಭಕ್ಷಕ ಹುಲಿಯಿಂದ. ತೇಜಸ್ವಿಯವರು ಆಂಡರ್ಸನ್ ಕತೆಗಳನ್ನು ಕನ್ನಡಕ್ಕೆ ತಂದ ಮೇಲಂತೂ ಇಲ್ಲಿನ ಹುಡುಗರ ಬಾಯಲ್ಲಿ ಅವನ .405 ವಿಂಚೆಸ್ಟರ್ ಮನೆಮಾತು. 1972ರ ವನ್ಯಜೀವಿ ಕಾಯ್ದೆ ನಮ್ಮ ದೇಶದಲ್ಲಿ ಶಿಕಾರಿಯ ಬಾಗಿಲು ಮುಚ್ಚಿತು. ಮುಚ್ಚಿದ್ದು ಒಳ್ಳೆಯದೇ ಆಯಿತು, ನನಗೇನೂ ದುಃಖವಿಲ್ಲ. ಆದರೆ ಆಫ್ರಿಕಾದ ಹಲವು ದೇಶಗಳಲ್ಲಿ ಪರವಾನಗಿ ಪಡೆದ ಬೇಟೆ ಇವತ್ತಿಗೂ ಇದೆ. ಹೋಗುವವರು ಹೋಗುತ್ತಾರೆ. ಹೋಗುವವನು ಎಂಥ ಕೋವಿ ಹಿಡಿದು ಹೋಗುತ್ತಾನೆ ಅನ್ನುವುದು ಅವನೊಬ್ಬನ ಖಯಾಲಿಯ ವಿಷಯವಲ್ಲ ಅನ್ನುವುದೇ ನನ್ನ ತಕರಾರು.

ಆಕ್ಷನ್ ಅಂದರೇನು? ನಳಿಗೆಯ ಹಿಂದಿರುವ ಉಕ್ಕಿನ ಮನೆ, ಅದರೊಳಗೆ ಹಿಂದೆ ಮುಂದೆ ಓಡಾಡುವ ಬೋಲ್ಟು. ಬಾಗಿಲಿನ ಅಗುಳಿ ಇದ್ದ ಹಾಗೆ. ಮ್ಯಾಗಜಿನ್ನಿನಿಂದ ತೋಟಾ ಎತ್ತಿ ನಳಿಗೆಯ ಬಾಯಿಗೆ ಸೇರಿಸುವುದು, ಮದ್ದು ಸಿಡಿಯುವಾಗ ಬಾಗಿಲನ್ನು ಬಿಗಿಯಾಗಿ ಹಿಡಿಯುವುದು, ಖಾಲಿ ತೋಟಾ ಎಳೆದು ಆಚೆಗೆ ಎಸೆಯುವುದು, ಇಷ್ಟೂ ಅದರ ಕೆಲಸ. ನಳಿಗೆ, ಮರ, ದುರ್ಬೀನು ಎಲ್ಲವನ್ನೂ ಆಮೇಲೆ ಬದಲಾಯಿಸಬಹುದು. ಅಮೆರಿಕದ ಕಾನೂನಿನಲ್ಲೂ ಕೋವಿ ಅಂತ ಲೆಕ್ಕ ಆ ಉಕ್ಕಿನ ಮನೆಗೇ, ಉಳಿದದ್ದೆಲ್ಲ ಬಿಡಿಭಾಗ. ಹೀಗಿರುವಾಗ "ಯಾವುದಾದ್ರೂ ಆಗುತ್ತೆ" ಅನ್ನುವುದು, ಪಾಯ ಯಾವುದಾದರೂ ಆಗುತ್ತದೆ, ಬಾಗಿಲಿಗೆ ಮಾತ್ರ ತೇಗವೇ ಬೇಕು ಅಂದಹಾಗೆ.

ಬೋಲ್ಟ್ ರೈಫಲುಗಳಲ್ಲಿ ತೋಟಾ ಒಳಗೆ ಕಳಿಸುವ ರೀತಿ ಮುಖ್ಯವಾಗಿ ಎರಡು. ನಮ್ಮ ಒಂದನೇ ತರಗತಿಯ ಮಕ್ಕಳನ್ನೇ ನೆನೆಸಿಕೊಳ್ಳಿ. ಕೆಲವು ತಾಯಂದಿರು ಮಗುವಿನ ಕೈ ಹಿಡಿದು ಬೆಂಚಿನವರೆಗೂ ಬಂದು ಕೂರಿಸಿ ಹೋಗುತ್ತಾರೆ. ಕೆಲವರು ಗೇಟಿನೊಳಗೆ ತಳ್ಳಿ ಕೈ ಬಿಡುತ್ತಾರೆ. 1898ರಲ್ಲಿ ಜರ್ಮನ್ ಸೈನ್ಯಕ್ಕೆ ಬಂದ ಮೌಸರ್ 98 ಮೊದಲನೆಯ ಜಾತಿ. ಬೋಲ್ಟಿನ ಪಕ್ಕದಲ್ಲಿರುವ ಉದ್ದನೆಯ ಕೊಕ್ಕೆ ತೋಟಾ ಮ್ಯಾಗಜಿನ್ನಿನಿಂದ ಎದ್ದ ಕೂಡಲೇ ಅದರ ಅಂಚನ್ನು ಹಿಡಿಯುತ್ತದೆ, ಖಾಲಿಯಾಗಿ ಹೊರಗೆ ಬೀಳುವ ತನಕ ಬಿಡುವುದಿಲ್ಲ. 1962ರ ರೆಮಿಂಗ್ಟನ್ 700 ಎರಡನೆಯ ಜಾತಿ. ಬೋಲ್ಟು ಹಿಂದಿನಿಂದ ದೂಡುತ್ತದೆ ಅಷ್ಟೇ, ಪೂರ್ತಿ ಒಳಗೆ ಹೋದ ಮೇಲೆ ಚಿಕ್ಕ ಕೊಕ್ಕೆ ಅಂಚಿಗೆ ಸಿಕ್ಕಿಕೊಳ್ಳುತ್ತದೆ.

ಗುರಿ ಹಲಗೆಯ ಮುಂದೆ ಇವೆರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಭಯದಲ್ಲಿ ಕಾಣುತ್ತದೆ. ಗಾಯವಾದ ಕಾಡೆಮ್ಮೆ ಮೇಲೆ ಬರುವಾಗ ಮನುಷ್ಯ ಬೋಲ್ಟನ್ನು ಮುಕ್ಕಾಲು ಮುಂದೆ ತಳ್ಳಿ ಗಾಬರಿಯಲ್ಲಿ ಮತ್ತೆ ಹಿಂದಕ್ಕೆ ಎಳೆದುಬಿಡುತ್ತಾನೆ. ಮೌಸರಿನಲ್ಲಾದರೆ ಕೊಕ್ಕೆಯಲ್ಲಿರುವ ತೋಟಾವೂ ಹಿಂದೆ ಬರುತ್ತದೆ. ಬೋಲ್ಟು ಪೂರ್ತಿ ಹಿಂದೆ ಬಂದರೆ ಹೊರಗೆ ಬೀಳುತ್ತದೆ, ಮುಂದಿನದು ಏಳುತ್ತದೆ. ದೂಡುವ ಆಕ್ಷನ್ನಿನಲ್ಲಿ ಮೊದಲ ತೋಟಾ ಯಾರ ಹಿಡಿತದಲ್ಲೂ ಇಲ್ಲದೆ ನಳಿಗೆಯ ಬಾಯಲ್ಲೇ ಉಳಿಯಬಹುದು. ಎರಡನೆಯದು ಅದರ ಬೆನ್ನಿಗೆ ಹೋಗಿ ಗುದ್ದುತ್ತದೆ. ಕೋವಿ ಅಲ್ಲಿಗೆ ದೊಣ್ಣೆ. ಆಗ ಅದು .416 ಆದರೇನು, .500 ಆದರೇನು?

"ಸಾರ್, ದೂಡುವ ಆಕ್ಷನ್ ಗುರಿಗೆ ಒಳ್ಳೆಯದು, ಗಟ್ಟಿ, ಅಗ್ಗ" ಅಂದ ಶಿಷ್ಯ. ಒಪ್ಪಿದೆ. ಮೂರೂ ನಿಜ. ರೆಮಿಂಗ್ಟನ್ನಿನ ಬೋಲ್ಟಿನ ಮುಖ ತೋಟಾದ ಅಂಚನ್ನು ಸುತ್ತಲೂ ಮುಚ್ಚುವುದರಿಂದ ಅಂಚು ಒಡೆದರೂ ಅನಿಲ ಹಿಂದಕ್ಕೆ ನುಗ್ಗುವುದು ಕಷ್ಟ. ಮುನ್ನೂರು ಗಜದಾಚೆಯ ಜಿಂಕೆಗೆ ಅದನ್ನೇ ತೆಗೆದುಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಆದರೆ ಕಾಡೆಮ್ಮೆಯನ್ನು ಹೊಡೆಯುವುದು ಸಾಮಾನ್ಯವಾಗಿ ನೂರು ಗಜದೊಳಗೆ. ಅಲ್ಲಿ ಅರ್ಧ ಅಂಗುಲದ ಗುರಿಯಲ್ಲ, ಎರಡನೇ ಗುಂಡು ಹಾರುತ್ತದೆಯೋ ಇಲ್ಲವೋ ಅನ್ನುವುದು ಪ್ರಶ್ನೆ. 1936ರಲ್ಲಿ ಕೊಕ್ಕೆಯೊಂದಿಗೇ ಬಂದ ವಿಂಚೆಸ್ಟರ್ ಮಾಡೆಲ್ 70 ಅನ್ನು ಕಂಪನಿ 1964ರಲ್ಲಿ ಖರ್ಚು ಉಳಿಸಲು ದೂಡುವ ಆಕ್ಷನ್ನಾಗಿ ಮಾಡಿತು. ಬೇಟೆಗಾರರು ಆ ಸಿಟ್ಟು ಬಿಡಲೇ ಇಲ್ಲ. 1990ರ ದಶಕದಲ್ಲಿ ಕೊಕ್ಕೆಯನ್ನು ವಾಪಸು ತರಬೇಕಾಯಿತು. ಅನುಭವಸ್ಥರು ಸುಮ್ಮನೆ ಹಠ ಹಿಡಿದಿದ್ದರೇ?

ಇನ್ನು ಹಳೇ ಮಿಲಿಟರಿ ಮೌಸರ್. ಕೊಕ್ಕೆ ಇದೆ, ಸರಿ. ಆದರೆ ಅಳತೆ? ಆ ಆಕ್ಷನ್ ಹುಟ್ಟಿದ್ದು ಸುಮಾರು 82 ಮಿಲಿಮೀಟರ್ ಉದ್ದದ ತೋಟಾಕ್ಕೆ. .416 ರಿಗ್ಬಿ 95 ಮಿಲಿಮೀಟರ್. ಹಿಂಭಾಗದ ಅಂಚಿನ ಅಗಲ ಮಿಲಿಟರಿ ತೋಟಾದ್ದು 12 ಮಿಲಿಮೀಟರ್, ರಿಗ್ಬಿಯದು 15. ಹದಿಮೂರು ಮಿಲಿಮೀಟರ್ ಎಲ್ಲಿಂದ ತರುತ್ತೀರಿ? ಹಿಂದೆಯೂ ಮುಂದೆಯೂ ಉಕ್ಕನ್ನು ಕೆತ್ತಬೇಕು. ಮುಂದೆ ಕೆತ್ತುವ ಜಾಗದಲ್ಲೇ ಬೋಲ್ಟಿನ ಕೆಳಗಿನ ಹಲ್ಲು ಒರಗಿ ನಿಲ್ಲುವ ಗೋಡೆ ಇದೆ. ಅದನ್ನು ಸವೆಸಿದರೆ ಸಿಡಿತದ ಭಾರವನ್ನು ತಡೆಯುವವರು ಯಾರು? ಹಳೆಯ ಮೌಸರಿನ ಉಕ್ಕು ಒಳಗೆ ಮೆತ್ತಗೆ, ಮೇಲ್ಮೈ ಮಾತ್ರ ಗಡಸು. ಆ ಗಡಸು ಪದರವನ್ನೇ ಉಜ್ಜಿ ತೆಗೆದರೆ ಹಲ್ಲು ಗೋಡೆಯೊಳಗೆ ಕುಸಿಯುತ್ತದೆ. ನುರಿತವರು ಇಂಥ ಕೆಲಸ ಮಾಡಿದ್ದುಂಟು, ಇಲ್ಲವೆನ್ನುವುದಿಲ್ಲ. ಆದರೆ ಅವರ ಕೂಲಿ ಕೊಡುವ ಹೊತ್ತಿಗೆ ಅಗ್ಗದ ಆಕ್ಷನ್ ಅಗ್ಗವಾಗಿ ಉಳಿದಿರುವುದಿಲ್ಲ.

ಹಿಂದಿನವರು ಇದನ್ನು ಹೇಗೆ ಮಾಡಿದರು ನೋಡಿ. 1905ರಲ್ಲಿ ಬರ್ಲಿನ್ನಿನ ಕೋವಿ ತಯಾರಕ ಆಟೋ ಬಾಕ್ 9.3x62 ತೋಟಾ ಮಾಡಿದ, ಸಾಧಾರಣ ಮೌಸರಿನ ಅಳತೆಗೇ. ಆಫ್ರಿಕಾದಲ್ಲಿ ನೆಲೆಸಿದ ರೈತನೂ ಕೊಳ್ಳಬಹುದಾದ ಕೋವಿ ಅದಾಯಿತು. 1911ರಲ್ಲಿ ಲಂಡನ್ನಿನ ರಿಗ್ಬಿ ಕಂಪನಿ .416 ತಂದಾಗ ಅದಕ್ಕಾಗಿ ಉದ್ದನೆಯ ಮ್ಯಾಗ್ನಮ್ ಮೌಸರ್ ಆಕ್ಷನ್ ಬಳಸಿತು. ಒಬ್ಬ ಆಕ್ಷನ್ನಿಗೆ ತಕ್ಕ ತೋಟಾ ಮಾಡಿದ, ಇನ್ನೊಬ್ಬ ತೋಟಾಕ್ಕೆ ತಕ್ಕ ಆಕ್ಷನ್ ಹುಡುಕಿದ. ಎರಡೂ ಸರಿ. ನಮ್ಮ ಶಿಷ್ಯ ಮಾಡಹೊರಟಿದ್ದು ಎರಡೂ ಅಲ್ಲ, ತಮ್ಮನ ಚಡ್ಡಿಯನ್ನು ಅಣ್ಣನಿಗೆ ತೊಡಿಸುವ ಕೆಲಸ!

ಅದಕ್ಕೇ ನನ್ನ ಸಲಹೆ ನೇರ. ದುಡ್ಡಿದ್ದರೆ ಕೊಕ್ಕೆ ಇರುವ ಮ್ಯಾಗ್ನಮ್ ಅಳತೆಯ ಆಕ್ಷನ್ನನ್ನೇ ಕೊಳ್ಳಲಿ, ಆಮೇಲೆ .416 ಕಟ್ಟಿಸಲಿ. ಝೆಕ್ ದೇಶದ ಸಿಝಡ್ 550 ಮ್ಯಾಗ್ನಮ್ಮಿನ ತಯಾರಿಕೆ ನಿಂತಿದ್ದರೂ ಹಳೆಯವು ಸಿಗುತ್ತವೆ. ಅಷ್ಟು ದುಡ್ಡಿಲ್ಲವೇ? ಸಾಧಾರಣ ಮೌಸರ್ ಸಾಕು, ಆದರೆ ಅದಕ್ಕೆ ಹೊಂದುವ ತೋಟಾ ಆರಿಸಲಿ. ಆಫ್ರಿಕಾದ ಹಲವೆಡೆ ಅಪಾಯದ ಪ್ರಾಣಿಗೆ ಕನಿಷ್ಠ .375 ಇರಬೇಕೆಂಬ ನಿಯಮವಿರುವುದರಿಂದ, ಹೋಗುವ ದೇಶದಲ್ಲಿ 9.3ಕ್ಕೆ ಒಪ್ಪಿಗೆ ಇದೆಯೇ ಅಂತ ಮೊದಲು ವಿಚಾರಿಸಲಿ. ಇಲ್ಲವಾದರೆ 1956ರ .458 ವಿಂಚೆಸ್ಟರ್ ಇದೆ, 85 ಮಿಲಿಮೀಟರಿನದು, ಸಾಧಾರಣ ಆಕ್ಷನ್ನಿಗಾಗಿಯೇ ಮಾಡಿದ್ದು. ಯಾವುದೇ ಇರಲಿ, ಹೊರಡುವ ಮುಂಚೆ ಮ್ಯಾಗಜಿನ್ ತುಂಬಿ, ಜೋರಾಗಿ, ನಿಧಾನವಾಗಿ ನೂರಾರು ಸಲ ಬೋಲ್ಟು ಓಡಿಸಿ ನೋಡಲಿ. ಒಂದು ಸಲ ಸಿಕ್ಕಿಕೊಂಡರೂ ಮಾಡಿದವನಿಗೆ ವಾಪಸು.

ಇಷ್ಟೊಂದು ಸಿಟ್ಟು ಯಾಕೆ ಅಂತ ಹೇಳಿ ಮುಗಿಸುತ್ತೇನೆ. ಆಂಡರ್ಸನ್ ಕತೆಗಳಲ್ಲಿ ನಮ್ಮ ಹುಡುಗರು ನೆನಪಿಟ್ಟುಕೊಳ್ಳುವುದು ಕೋವಿಯನ್ನು. ನಾನು ನೆನಪಿಟ್ಟುಕೊಂಡಿದ್ದು ಪೂಜಾರಿ ಬೈರನನ್ನು. ನೆಲ ನೋಡಿ, ಮುರಿದ ಕಡ್ಡಿ ನೋಡಿ ದಾರಿ ಹೇಳುವವನು ಅವನು. ಆಫ್ರಿಕಾದಲ್ಲೂ ಹಾಗೆಯೇ. ಹೆಜ್ಜೆ ಹಿಡಿಯುವ ಸ್ಥಳೀಯ ಮುಂದೆ, ಕೋವಿಯವನು ಹಿಂದೆ. ಬಹಳ ಸಲ ಮುಂದಿನವನ ಕೈಯಲ್ಲಿ ಒಂದು ಕೋಲು ಮಾತ್ರ. ಗಾಯಗೊಂಡ ಎಮ್ಮೆ ಪೊದೆಯಿಂದ ನುಗ್ಗಿದಾಗ ಮೊದಲು ಸಿಕ್ಕುವವನು ಅವನು. ಹಿಂದಿನವನ ಬೋಲ್ಟು ಅರ್ಧಕ್ಕೆ ಸಿಕ್ಕಿಕೊಂಡರೆ ಅದರ ಬೆಲೆ ತೆರುವವನೂ ಅವನೇ. ಆಕ್ಷನ್ ಆರಿಸುವಾಗ ಅವನನ್ನು ಯಾರೂ ಕೇಳಿರುವುದಿಲ್ಲ. ಅವನಿಗೂ ಶಾಲೆಗೆ ಹೋಗುವ ಮಕ್ಕಳಿರುತ್ತಾರೆ.

ಶಿಷ್ಯ ತಲೆ ತಗ್ಗಿಸಿ ಕೇಳಿದ. ಹೊರಡುವಾಗ, "ಮಿಲಿಟರಿ ಮೌಸರ್ ಬೇಡ ಅಂತೀನಿ ಸಾರ್" ಅಂದ.

"ರೆಮಿಂಗ್ಟನ್ನೂ ಬೇಡ ಅನ್ನು" ಅಂದೆ.