ಬದುವಿನ ಬೆಂಕಿಯೂ ಪಾತರಗಿತ್ತಿಯೂ

ಶಿವರಾತ್ರಿಯಿಂದ ಯುಗಾದಿಯವರೆಗಿನ ದಿನಗಳಲ್ಲಿ ಹಕ್ಕಿ ನೋಡಲು ಹೊರಡುವ ಬಾಗಲಕೋಟೆಯ ವಿದ್ಯಾರ್ಥಿಗಳು ಆಲಮಟ್ಟಿಯ ಹಿನ್ನೀರಿನತ್ತ ಮುಖ ಮಾಡುವುದೇ ಹೆಚ್ಚು. ದೂರದಿಂದ ಬಂದ ಹಕ್ಕಿಗಳ ಸೆಳೆತ ಸಹಜವೇ. ಆದರೆ ಬಾದಾಮಿಯ ಕೆಂಪು ಮರಳುಗಲ್ಲಿನ ಗುಡ್ಡಗಳಿಂದ ಹುನಗುಂದ, ಇಳಕಲ್ಲಿನವರೆಗೆ ಅಲ್ಲಲ್ಲಿ ಹಬ್ಬಿರುವ ಕುರುಚಲು ನೆಲವೂ ಹೊಲದ ಬದುವೂ ಕಲಿಸುವ ಪಾಠ ಅದಕ್ಕಿಂತ ಕಿರಿದಲ್ಲ.

ಮುಂಜಾವಿನಲ್ಲಿ ಹೂಬಿಟ್ಟ ಮುತ್ತುಗದ ಮರದ ಬಳಿ ಸುಮ್ಮನೆ ಕುಳಿತರೆ ಸಾಕು. ಮಕರಂದಕ್ಕಾಗಿ ಗೊರವಂಕ, ಪಿಕಳಾರ, ಕಾಜಾಣ, ಸೂರಕ್ಕಿಗಳು ಸರದಿಯಂತೆ ಬಂದು ಹೋಗುತ್ತವೆ. ಬಿಸಿಲೇರಿದ ಮೇಲೆ ಪಾತರಗಿತ್ತಿಗಳ ಸರದಿ. ಕಿತ್ತಳೆ ಬಣ್ಣದ ಒಂದು ಪಾತರಗಿತ್ತಿ ಎಕ್ಕಿಗಿಡದ ಎಲೆಯ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಎಕ್ಕಿಯ ವಿಷವನ್ನು ಮೈಗೂಡಿಸಿಕೊಂಡ ಅದರ ಹುಳುವನ್ನು ಹಕ್ಕಿಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನಿಂಬೆಗಿಡದ ಪಾತರಗಿತ್ತಿಯ ಎಳೆಯ ಹುಳುವಾದರೋ ಹಕ್ಕಿಯ ಹಿಕ್ಕೆಯಂತೆ ಕಂಡು ಪಾರಾಗುತ್ತದೆ.

ಪಾರಾಗದ ಹುಳುಗಳೇ ಮರಿಗಳ ಅನ್ನ. ಕಾಳು ತಿನ್ನುವ ಗುಬ್ಬಿಯೂ ತನ್ನ ಮರಿಗಳಿಗೆ ಹುಳುಗಳನ್ನೇ ಉಣಿಸುತ್ತದೆ. ಬದುವಿನಲ್ಲಿ ಹುಳುವಿಲ್ಲದಿದ್ದರೆ ಗೂಡಿನಲ್ಲಿ ಮರಿ ಉಳಿಯದು.

ಇದೇ ದಿನಗಳಲ್ಲಿ ಗುಡ್ಡಕ್ಕೂ ಬದುವಿಗೂ ಬೆಂಕಿ ಬೀಳುತ್ತದೆ. ಮಳೆ ಬಿದ್ದೊಡನೆ ದನಗಳಿಗೆ ಎಳೆ ಹುಲ್ಲು ಬರಲಿ, ಮುಳ್ಳುಕಂಟಿ ತೊಲಗಲಿ ಎಂಬ ರೈತನ ಆಸೆ ಅರ್ಥವಾಗದ್ದಲ್ಲ. ಆದರೆ ಆ ಉರಿಯಲ್ಲಿ ಮೊಟ್ಟೆ, ಹುಳು, ಕೋಶಗಳು ಬೇಯುತ್ತವೆ. ಗೌಜಲಕ್ಕಿಯ ಆಸರೆ ಅಳಿಯುತ್ತದೆ. ಮೊದಲ ಮಳೆಗೆ ಬೂದಿಯೊಡನೆ ಇಳಿಜಾರಿನ ಮೇಲ್ಮಣ್ಣೂ ಹಳ್ಳ ಸೇರುತ್ತದೆ. ನಷ್ಟ ಹಕ್ಕಿಗಳದು ಮಾತ್ರವಲ್ಲ, ರೈತನದೂ ಹೌದು.

ಕುರುಚಲು ನೆಲವನ್ನು ಪಾಳು ಎಂದು ಭಾವಿಸುವುದರಲ್ಲಿ ರೈತನೊಬ್ಬನೇ ತಪ್ಪಿತಸ್ಥನಲ್ಲ. 2019ರಲ್ಲಿ ಪ್ರಕಟವಾದ ದೇಶದ ಬಂಜರುಭೂಮಿ ನಕಾಶೆಯೂ ಅದನ್ನು ಬಂಜರಿನ ಲೆಕ್ಕಕ್ಕೇ ಸೇರಿಸಿದೆ. ಆದರೆ ಇದೇ ಜಿಲ್ಲೆಯ ಬೀಳಗಿ, ಮುಧೋಳ ಭಾಗದ ಅಂಥದೇ ನೆಲವನ್ನು 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವೆಂದು ಸರಕಾರ ಘೋಷಿಸಿತು. ಒಂದು ಕಡತದಲ್ಲಿ ಬಂಜರಾದದ್ದು ಇನ್ನೊಂದರಲ್ಲಿ ಅಭಯಧಾಮ!

ಪರಿಹಾರ ಊರಿನ ಕೈಯಲ್ಲಿಯೇ ಇದೆ. ಬದುವಿಗೆ ಬೆಂಕಿ ಹಚ್ಚುವ ಬದಲು ದಾರಿಗೆ ಅಡ್ಡವಾದ ಮುಳ್ಳನ್ನಷ್ಟೇ ಕಡಿಯಬಹುದು; ಎಕ್ಕಿ, ತಂಗಡಿ, ಬಾರಿಗಿಡಗಳನ್ನು ಉಳಿಸಬಹುದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲೆ ಸಿದ್ಧವಾಗಬೇಕು. ವಿದ್ಯಾರ್ಥಿಗಳು ಒಂದೇ ಎಕ್ಕಿಗಿಡವನ್ನು ಮೂರು-ನಾಲ್ಕು ವಾರ ಗಮನಿಸಿ, ಮೊಟ್ಟೆಯಿಂದ ರೆಕ್ಕೆಯವರೆಗೆ ಕಂಡದ್ದನ್ನು ದಿನಾಂಕ ಸಹಿತ ಬರೆದುಕೊಟ್ಟರೆ ಆ ದಾಖಲೆಗೆ ಜೀವ ಬರುತ್ತದೆ. ಊರಿನವರೇ ಹೆಸರಿಟ್ಟು ಗುರುತಿಸಿದ ನೆಲವನ್ನು ಪಾಳು ಎಂದು ಬರೆಯುವುದು ಯಾವ ಕಚೇರಿಗೂ ಅಷ್ಟು ಸುಲಭವಾಗದು.