ಹಿಂದಿನ ಬೆಂಚಿನ ಜಾಣರನ್ನು ಹುಡುಕುವವರು ಯಾರು?

ಕಾಸರಗೋಡು: ಎಲ್‌ಎಸ್‌ಎಸ್, ಯುಎಸ್‌ಎಸ್ ಫಲಿತಾಂಶ ಬಂತೆಂದರೆ ಸಾಕು, ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಶಾಲೆಗಳ ಗೇಟಿನಲ್ಲಿ ಫ್ಲೆಕ್ಸ್ ಏಳುತ್ತದೆ. ಮಕ್ಕಳ ಫೋಟೋ, ಅಡಿಯಲ್ಲಿ ‘ಅಭಿನಂದನೆಗಳು’, ಕೊನೆಗೆ ಪಿಟಿಎ ಹೆಸರು. ಸಂತೋಷದ ವಿಷಯವೇ. ಮಕ್ಕಳು ಗೆದ್ದರೆ ಊರು ಹಿಗ್ಗಬೇಕು. ಆದರೆ ಆ ಫ್ಲೆಕ್ಸಿನಲ್ಲಿ ಜಾಗ ಸಿಗದ ಮಕ್ಕಳಲ್ಲಿ ಎರಡು ಬಗೆ ಉಂಟು. ಪರೀಕ್ಷೆ ಬರೆದು ಅಂಕ ಸಾಲದೆ ಹೋದವರು ಒಂದು ಬಗೆ. ಪರೀಕ್ಷಾ ಹಾಲಿನ ಬಾಗಿಲನ್ನೇ ಕಾಣದವರು ಇನ್ನೊಂದು ಬಗೆ. ಈ ಎರಡನೆಯವರ ಸುದ್ದಿ ಯಾರಿಗೂ ಬೇಡ!

ನಾಲ್ಕನೇ ತರಗತಿಯಲ್ಲಿ ಎಲ್‌ಎಸ್‌ಎಸ್, ಏಳರಲ್ಲಿ ಯುಎಸ್‌ಎಸ್ ಎಂದೇ ಜನ ಕರೆಯುವ ಈ ಸ್ಕಾಲರ್‌ಶಿಪ್ ಪರೀಕ್ಷೆಗಳು ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಜಾಣ ಮಕ್ಕಳನ್ನು ಗುರುತಿಸುವ ದೊಡ್ಡ ಬಾಗಿಲು. ಸಿಗುವ ಹಣ ಹೆಚ್ಚೇನಲ್ಲ. ಆದರೆ ‘ನೀನು ಓದಬಲ್ಲೆ’ ಎಂದು ಸರ್ಕಾರವೇ ಮುದ್ರೆ ಒತ್ತಿದ ಹಾಗೆ. ಕೂಲಿಗೆ ಹೋಗುವ ಅಪ್ಪ, ಬೀಡಿ ಕಟ್ಟುವ ಅಮ್ಮ ಇಬ್ಬರಿಗೂ ಮಗಳನ್ನು ಮುಂದೆ ಓದಿಸಲು ಅದೊಂದು ಧೈರ್ಯ. ಹಾಗಿರುವಾಗ ಆ ಬಾಗಿಲ ಬಳಿಗೆ ಯಾರು ಹೋಗಬೇಕು ಎಂದು ತೀರ್ಮಾನ ಆಗುವುದು ಹೇಗೆ ಎಂಬುದನ್ನು ಕನ್ನಡಿಗರು ಒಮ್ಮೆ ಕೇಳಲೇಬೇಕು.

ಹೆಸರು ಕೊಡುವವರ ಕಣ್ಣು

ತರಗತಿ ಪರೀಕ್ಷೆಯ ಗ್ರೇಡ್ ನೋಡಿ ಶಾಲೆಯೇ ಮಕ್ಕಳ ಹೆಸರು ನೋಂದಾಯಿಸುತ್ತದೆ. ಮೇಲ್ನೋಟಕ್ಕೆ ನ್ಯಾಯವೇ. ಆದರೆ ಗ್ರೇಡ್ ಯಾರಿಗೆ ಸಿಗುತ್ತದೆ? ನೋಟ್ಸ್ ಚೆಂದ ಬರೆಯುವ, ಪ್ರಾಜೆಕ್ಟಿಗೆ ಬಣ್ಣದ ಚಾರ್ಟ್ ತರುವ, ಒಂದು ದಿನವೂ ರಜೆ ಹಾಕದ ಮಗುವಿಗೆ. ಮನೆಯಲ್ಲಿ ಓದಿದವರಿದ್ದರೆ ಇದೆಲ್ಲ ಸುಲಭ. ಅಡಿಕೆ ಸುಲಿಯುವ ಕಾಲದಲ್ಲಿ ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುವ ಹುಡುಗಿಗೆ ಇದು ಆಗುವ ಮಾತಲ್ಲ. ಅವಳು ಅಂಗಡಿಯ ಚೀಟಿಯನ್ನು ಬಾಯಲ್ಲೇ ಕೂಡಿಸಿ ಹೇಳುವವಳಾಗಿರಬಹುದು. ಆದರೆ ಅದಕ್ಕೆ ಯಾವ ಟೀಚರೂ ಗ್ರೇಡ್ ಕೊಡುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಮುಚ್ಚಿಡಬೇಕಾಗಿಲ್ಲ. ಹೆಚ್ಚು ಮಕ್ಕಳನ್ನು ಕೂರಿಸಿ ಕೆಲವರೇ ಗೆದ್ದರೆ ಶಾಲೆಯ ಶೇಕಡಾವಾರು ಇಳಿಯುತ್ತದೆ. ಮರುವರ್ಷದ ಎಡ್ಮಿಶನ್‌ಗೆ ಪಕ್ಕದ ಇಂಗ್ಲಿಷ್ ಮೀಡಿಯಂ ಶಾಲೆಯ ಜತೆ ಪೈಪೋಟಿ ಇರುವಾಗ ‘ಗೆಲ್ಲುವವರನ್ನು ಮಾತ್ರ ಕಳಿಸುವಾ’ ಎನ್ನುವ ಆಸೆ ಯಾರಿಗಾದರೂ ಹುಟ್ಟೀತು. ಅಧ್ಯಾಪಕರನ್ನು ಬೈದು ಪ್ರಯೋಜನವಿಲ್ಲ. ಪಾಠ, ಮಧ್ಯಾಹ್ನದ ಊಟ, ಕಂಪ್ಯೂಟರಿಗೆ ತುಂಬಿಸುವ ಮಾಹಿತಿ ಎಲ್ಲವೂ ಅವರದೇ ತಲೆಯ ಮೇಲೆ. ಒಬ್ಬರ ಕಣ್ಣಿಗೆ ಬಿದ್ದವರು ಮಾತ್ರ ಜಾಣರು ಎನ್ನುವ ಪದ್ಧತಿಯಲ್ಲೇ ದೋಷ ಉಂಟು.

ಮನೆಯ ಲೆಕ್ಕ, ಶಾಲೆಯ ಲೆಕ್ಕ

ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಯಲ್ಲಿ ಹೊಗಳುತ್ತಾರೆ. ತರಗತಿಯೊಳಗೆ ಅದರ ಭಾರ ಹೊರುವುದು ಮಾತ್ರ ಮಗು. ಕನ್ನಡ ಮಾಧ್ಯಮದ ಒಂದು ಕ್ಲಾಸಿನಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ, ಮಲಯಾಳ ಮಾತಾಡುವ ಮನೆಗಳ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಕೊರಗರ ಕಾಲೊನಿಯಿಂದ ಬರುವ ಮಗುವಿಗೆ ಶಾಲೆಯ ಕನ್ನಡವೇ ಎರಡನೆಯ ಭಾಷೆ.

ಒಂದು ಸಣ್ಣ ಉದಾಹರಣೆ ನೋಡಿ. ಮರಾಠಿ ಮನೆಮಾತಿನ ಮಗು ಇಪ್ಪತ್ತೈದನ್ನು ‘ಪಂಚವೀಸ್’ ಎಂದು ಎಣಿಸಿ ಕಲಿತಿರುತ್ತದೆ. ಅಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ. ಕನ್ನಡದಲ್ಲಿ ಇಪ್ಪತ್ತು ಮೊದಲು, ಐದು ಆಮೇಲೆ. ಟೀಚರ್ ಬಾಯಿಲೆಕ್ಕ ಕೇಳಿದಾಗ ಮಗು ಒಂದು ಕ್ಷಣ ತಡೆಯುತ್ತದೆ. ಅಷ್ಟರಲ್ಲಿ ಮುಂದಿನ ಬೆಂಚಿನ ಮಗು ಉತ್ತರ ಹೇಳಿ ಆಯಿತು. ಎರಡು ಭಾಷೆಯಲ್ಲಿ ಎಣಿಸಬಲ್ಲ ಮಗುವಿಗೆ ‘ಸ್ವಲ್ಪ ನಿಧಾನ’ ಎಂಬ ಹೆಸರು ಅಂಟಿತು! ನಾಲ್ಕನೇ ತರಗತಿಗೆ ಬರುವಷ್ಟರಲ್ಲಿ ಮಗುವೂ ಅದನ್ನು ನಂಬಿರುತ್ತದೆ.

ಪ್ರಶ್ನೆಪತ್ರಿಕೆ ಕನ್ನಡದಲ್ಲಿ, ತಯಾರಿ ಯಾವುದರಲ್ಲಿ?

ಈ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯುವ ಅವಕಾಶ ಉಂಟು ಎಂಬುದು ಸಮಾಧಾನದ ಮಾತು. ಆದರೆ ಮಾದರಿ ಪ್ರಶ್ನೆಪತ್ರಿಕೆ, ಗೈಡ್, ಮೊಬೈಲಿನಲ್ಲಿ ಸಿಗುವ ತರಬೇತಿ ವಿಡಿಯೋಗಳಲ್ಲಿ ಹೆಚ್ಚಿನವು ಮಲಯಾಳದಲ್ಲೇ. ಕನ್ನಡದ ಮಗುವಿಗೆ ಟೀಚರ್ ರಾತ್ರಿ ಕೂತು ಭಾಷಾಂತರಿಸಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂಥ ಟೀಚರ್ ಸಿಕ್ಕಿದ ಶಾಲೆಯ ಮಕ್ಕಳ ಪುಣ್ಯ ಎನ್ನಬೇಕು.

ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಹಾಕಿದ್ದಕ್ಕೆ ಜಿಲ್ಲೆಯಲ್ಲಿ ಹೆತ್ತವರೂ ಮಕ್ಕಳೂ ಪ್ರತಿಭಟಿಸಿದ್ದು ಒಂದೆರಡು ಸಲ ಅಲ್ಲ. 2018ರಲ್ಲಿ ರಿಷಬ್ ಶೆಟ್ಟಿ ನಿರ್ದೇಶಿಸಿದ ‘ಸರ್ಕಾರಿ ಹಿ.ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಇದೇ ಗೋಳನ್ನು ನಗಿಸುತ್ತಾ ಹೇಳಿ ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಗೆದ್ದಿತು. ಥಿಯೇಟರಿನಲ್ಲಿ ಎಲ್ಲರೂ ನಕ್ಕರು. ಆದರೆ ಗಣಿತದ ಪಾಠವೇ ಅರ್ಥವಾಗದ ಭಾಷೆಯಲ್ಲಿ ನಡೆದರೆ, ಆ ತರಗತಿಯ ಗಣಿತದ ಜಾಣ ಯಾರೆಂದು ಗೊತ್ತಾಗುವುದಾದರೂ ಹೇಗೆ? ಕಲಿಸದೆ ಇದ್ದುದನ್ನು ಮಗುವಿಗೆ ಬರುವುದಿಲ್ಲ ಎಂದು ಬರೆದಿಟ್ಟ ಹಾಗಾಯಿತು.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಕೊಡಬೇಕು ಎನ್ನುತ್ತದೆ. ಅದು ಸಂವಿಧಾನಕ್ಕೆ ಸೇರಿದ್ದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೇ. ಸೌಲಭ್ಯ ಎಂದರೆ ಗೋಡೆ, ಮಾಡು, ಪುಸ್ತಕ ಮಾತ್ರವೇ? ಜಾಣ ಮಗುವನ್ನು ಅದರ ಭಾಷೆಯಲ್ಲೇ ಗುರುತಿಸುವುದೂ ಸೌಲಭ್ಯವೇ ತಾನೆ?

ದೂರದ ಒಂದು ಜಿಲ್ಲೆಯ ಪಾಠ

ಇಂಥ ತೊಂದರೆ ನಮ್ಮಲ್ಲಿ ಮಾತ್ರ ಎಂದು ತಿಳಿಯಬೇಡಿ. ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ ಬ್ರೋವರ್ಡ್ ಎಂಬ ದೊಡ್ಡ ಶಾಲಾ ಜಿಲ್ಲೆ ಉಂಟು. ಅಲ್ಲಿನ ಸರ್ಕಾರಿ ಶಾಲೆಗಳಲ್ಲೂ ಮೊದಲು ಟೀಚರೋ ಹೆತ್ತವರೋ ಹೆಸರು ಸೂಚಿಸಿದ ಮಕ್ಕಳಿಗೇ ಪ್ರತಿಭಾ ಪರೀಕ್ಷೆ ನಡೆಯುತ್ತಿತ್ತು. ಬಡವರ ಮಕ್ಕಳು, ಕರಿಯರ ಮಕ್ಕಳು, ಮನೆಯಲ್ಲಿ ಇಂಗ್ಲಿಷ್ ಆಡದ ಮಕ್ಕಳು ಆಯ್ಕೆಯಾಗುತ್ತಿದ್ದುದು ಬಹಳ ಕಡಿಮೆ. 2005ರಲ್ಲಿ ಅಲ್ಲಿ ಒಂದು ಬದಲಾವಣೆ ಮಾಡಿದರು. ಎರಡನೇ ತರಗತಿಯ ಎಲ್ಲ ಮಕ್ಕಳನ್ನೂ ಕೂರಿಸಿ, ಭಾಷೆಯ ಹಂಗಿಲ್ಲದ ಚಿತ್ರ-ಆಕೃತಿಗಳ ಒಂದು ಪರೀಕ್ಷೆ ಕೊಟ್ಟರು. ಅದರಲ್ಲಿ ಚುರುಕು ಕಂಡವರನ್ನು ಮುಂದಿನ ಪರೀಕ್ಷೆಗೆ ಕಳಿಸಿದರು.

ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಆಯ್ಕೆಯ ಮಟ್ಟವನ್ನು ಒಂದಂಕವೂ ಇಳಿಸದೆ ಬಡ ಮತ್ತು ಅಲ್ಪಸಂಖ್ಯಾತ ಮಕ್ಕಳ ಆಯ್ಕೆ ಬಹಳ ಹೆಚ್ಚಿತು ಎಂಬುದು ಅವರು ಕಂಡ ಸಂಗತಿ. ಹಳೆಯ ಪದ್ಧತಿಯಲ್ಲಿ ಹುಡುಗಿಯರ ಹೆಸರೂ ಕಡಿಮೆಯೇ ಹೋಗುತ್ತಿತ್ತು ಎಂಬುದೂ ಗೊತ್ತಾಯಿತು. ಕಾರ್ಡ್ ಅವರಿಗೆ 2021ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅದು ಬೇರೆ ಕೆಲಸಕ್ಕೆ. ಆ ಜಿಲ್ಲೆಯ ಜಾಣ ಮಕ್ಕಳು ಮೊದಲೂ ಅಲ್ಲೇ ಇದ್ದರು, ಹುಡುಕಿದವರು ಇರಲಿಲ್ಲ ಅಷ್ಟೆ. ಮುಂದೆ ಹಣದ ಮುಗ್ಗಟ್ಟಿನಲ್ಲಿ ಎಲ್ಲರಿಗೂ ಪರೀಕ್ಷೆ ಎಂಬುದನ್ನು ಕೈಬಿಟ್ಟಾಗ ಗಳಿಸಿದ್ದೂ ಕರಗಿತು. ಒಂದು ವರ್ಷ ಮಾಡಿ ಬಿಟ್ಟರೆ ಆಗಲಿಕ್ಕಿಲ್ಲ ಎಂಬುದಕ್ಕೂ ಇದೇ ಸಾಕ್ಷಿ.

48 ಸಾವಿರ ರೂಪಾಯಿಯ ಲೆಕ್ಕ

ಇನ್ನು ದುಡ್ಡಿನ ಮಾತು. 1963ರಲ್ಲಿ ಶುರುವಾದ ಕೇಂದ್ರದ ಎನ್‌ಟಿಎಸ್‌ಇ ಪರೀಕ್ಷೆ 2021ರ ನಂತರ ನಿಂತೇ ಹೋಯಿತು. ಬಡ ಮಕ್ಕಳಿಗೆ ಉಳಿದ ದೊಡ್ಡ ಆಸರೆ ಎಂದರೆ 2008ರಲ್ಲಿ ಬಂದ ಎನ್‌ಎಂಎಂಎಸ್. ಎಂಟನೇ ತರಗತಿಯಲ್ಲಿ ಪರೀಕ್ಷೆ. ಗೆದ್ದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ರೂಪಾಯಿ ಮೀರಬಾರದು. ಏಳನೇ ತರಗತಿಯಲ್ಲಿ ಶೇ.55 ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ.50 ಸಾಕು. ಪರೀಕ್ಷೆಯ ಅರ್ಧ ಭಾಗ ಬುದ್ಧಿಶಕ್ತಿಯ ಪ್ರಶ್ನೆಗಳು, ಇನ್ನರ್ಧ ಪಾಠದ ಪ್ರಶ್ನೆಗಳು. ಕನ್ನಡದಲ್ಲೂ ಬರೆಯಬಹುದು.

ಆದರೆ ಅರ್ಜಿಗೆ ವಿಲೇಜ್ ಆಫೀಸಿನ ಆದಾಯ ಸರ್ಟಿಫಿಕೇಟ್ ಬೇಕು. ಗೆದ್ದ ಮೇಲೆ ಆನ್‌ಲೈನಿನಲ್ಲಿ ಅರ್ಜಿ, ಮತ್ತೆ ವರ್ಷ ವರ್ಷವೂ ನವೀಕರಣ. ಒಂದು ವರ್ಷ ಮರೆತರೆ ಹಣ ಖೋತಾ! ಓದಿನಲ್ಲಿ ಗೆದ್ದ ಮಗು ಕಾಗದದಲ್ಲಿ ಸೋಲುವುದು ಇಲ್ಲೇ. ಅಕ್ಷಯ ಕೇಂದ್ರದಲ್ಲಿ ಮಲಯಾಳದಲ್ಲಿ ಕೇಳುವ ಪ್ರಶ್ನೆಗೆ ಅಮ್ಮ ತಲೆಯಾಡಿಸಿ ಬಂದರೆ, ಯಾವ ಕಾಗದ ಬಾಕಿ ಉಳಿಯಿತೆಂದು ಅವರಿಗೆ ಗೊತ್ತಾಗುವುದು ಯಾವಾಗ?

ಗಡಿಯಾಚೆಯ ಕರ್ನಾಟಕ ವೃತ್ತಿಶಿಕ್ಷಣದ ಸೀಟು ಹಂಚುವಾಗ ಗಡಿನಾಡ ಕನ್ನಡಿಗರನ್ನು ಪರಿಗಣಿಸುತ್ತದೆ ನಿಜ. ಕೃತಜ್ಞತೆ ಹೇಳಬೇಕಾದ ವಿಷಯ. ಆದರೆ ಅದು ಹದಿನೇಳು-ಹದಿನೆಂಟರ ವಯಸ್ಸಿನ ಮಾತು. ಒಂಬತ್ತನೇ ವಯಸ್ಸಿನಲ್ಲೇ ‘ನಿಧಾನ’ ಎಂಬ ಹೆಸರು ಹೊತ್ತ ಮಗು ಅಲ್ಲಿವರೆಗೆ ತಲುಪಿದರೆ ತಾನೆ?

ಆಗಬೇಕಾದ್ದೇನು?

ಮೊದಲನೆಯದು, ಹೆಸರು ಕೊಡುವ ಪದ್ಧತಿಗೆ ಮೊದಲೇ ಎಲ್ಲರನ್ನೂ ನೋಡುವ ಪದ್ಧತಿ ಬರಲಿ. ಮೂರನೇ ಮತ್ತು ಆರನೇ ತರಗತಿಯ ಪ್ರತಿ ಮಗುವಿಗೂ ಶಾಲೆಯಲ್ಲೇ ಒಂದು ಗಂಟೆಯ ಪತ್ರಿಕೆ. ಚಿತ್ರ, ಆಕೃತಿ, ಸಂಖ್ಯೆಗಳ ಸಾಲು ಇರಲಿ, ಉರುಹೊಡೆದು ಬರೆಯುವುದು ಬೇಡ. ಸೂಚನೆ ಸರಳ ಕನ್ನಡದಲ್ಲಿರಲಿ, ಬೇಕಾದರೆ ಟೀಚರ್ ತುಳುವಿನಲ್ಲೋ ಕೊಂಕಣಿಯಲ್ಲೋ ಬಾಯಲ್ಲಿ ಹೇಳಲಿ. ಮಾಯಿಪ್ಪಾಡಿಯ ಡಯಟ್ ಸಂಸ್ಥೆ ಮನಸ್ಸು ಮಾಡಿದರೆ ಇದೇನು ಆಗದ ಕೆಲಸವಲ್ಲ. ಆ ದಿನ ಗೈರುಹಾಜರಾದ ಮಗುವಿಗೆ ಇನ್ನೊಂದು ದಿನ ಕೊಡಲಿ. ಬೇಕಾದದ್ದು ಆ ಮಗುವೇ.

ಎರಡನೆಯದು, ಕಂಡ ಮೇಲೆ ಕೈಬಿಡಬಾರದು. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಲ್ಲಿ ತಿಂಗಳಿಗೆ ಎರಡು ಶನಿವಾರ ಕನ್ನಡದಲ್ಲೇ ತರಗತಿ ನಡೆಯಲಿ. ಬಸ್ಸಿನ ಚಾರ್ಜು, ಮಧ್ಯಾಹ್ನದ ಊಟ ಪಂಚಾಯತ್ ಕೊಡಲಿ. ಕೋವಿಡ್ ಕಾಲದಲ್ಲಿ ಇದೇ ಜಿಲ್ಲೆಯ ಅಧ್ಯಾಪಕರು ಕನ್ನಡದಲ್ಲಿ ವಿಡಿಯೋ ಪಾಠ ಮಾಡಿ ತೋರಿಸಿದ್ದಾರೆ. ಸ್ಕಾಲರ್‌ಶಿಪ್ ತರಬೇತಿಗೂ ಹಾಗೆಯೇ ಮಾಡಬಹುದು, ಒಮ್ಮೆ ಮಾಡಿಟ್ಟರೆ ಎಲ್ಲ ಶಾಲೆಗೂ ಆಯಿತು. ರಾತ್ರಿ ಎಂಟರವರೆಗೆ ಮಕ್ಕಳನ್ನು ಕೂರಿಸಿ ಹಿಂಡುವ ಕೋಚಿಂಗ್ ಮಾತ್ರ ಬೇಡ.

ಮೂರನೆಯದು, ಲೆಕ್ಕ ಹೊರಗೆ ಬರಲಿ. ಪ್ರತಿ ಉಪಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳೆಷ್ಟು, ಪರೀಕ್ಷೆಗೆ ಹೆಸರು ಕೊಟ್ಟವರೆಷ್ಟು, ಗೆದ್ದವರೆಷ್ಟು, ಅದರಲ್ಲಿ ಹುಡುಗಿಯರೆಷ್ಟು, ಪರಿಶಿಷ್ಟರೆಷ್ಟು ಎಂಬುದನ್ನು ಎಇಒ ಕಚೇರಿಗಳು ವರ್ಷಕ್ಕೊಮ್ಮೆ ಪ್ರಕಟಿಸಲಿ. ಅಂಗಡಿಯವನೂ ವರ್ಷದ ಕೊನೆಗೆ ಜಮಾ-ಖರ್ಚು ನೋಡುತ್ತಾನೆ. ಮಕ್ಕಳ ವಿಷಯದಲ್ಲಿ ಫ್ಲೆಕ್ಸಿನ ಜಮಾ ಮಾತ್ರ ತೋರಿಸಿ, ಖರ್ಚಿನ ಪುಟ ಮುಚ್ಚಿಟ್ಟರೆ ಹೇಗೆ? ಫ್ಲೆಕ್ಸ್ ಹಾಕುವವರೂ ಎಷ್ಟು ಮಂದಿ ಗೆದ್ದರು ಎಂಬುದರ ಪಕ್ಕದಲ್ಲಿ ಎಷ್ಟು ಮಂದಿಯನ್ನು ಕೂರಿಸಿದೆವು ಎಂಬುದನ್ನೂ ಬರೆಯಲಿ.

ಪ್ರತಿಭೆಯನ್ನು ಆರಿಸುವುದೇ ತಪ್ಪು, ಎಲ್ಲರಿಗೂ ಒಂದೇ ಪಾಠ ಸಾಕು ಎನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಅನುಕೂಲ ಇರುವ ಮನೆಯವರು ಮಗುವನ್ನು ಹೇಗೂ ಮಂಗಳೂರಿಗೋ ಇಂಗ್ಲಿಷ್ ಮೀಡಿಯಂಗೋ ಕಳಿಸುತ್ತಾರೆ. ಹುಡುಕುವ ಕೆಲಸ ನಿಂತರೆ ನಷ್ಟ ಆಗುವುದು ಊರಿನ ಕನ್ನಡ ಶಾಲೆಯಲ್ಲೇ ಉಳಿದವರಿಗೆ. ಆಮೇಲೆ ‘ಕನ್ನಡ ಶಾಲೆಯಲ್ಲಿ ಜಾಣರಿಲ್ಲ’ ಎಂಬ ಮಾತು ಹುಟ್ಟುತ್ತದೆ, ಇನ್ನಷ್ಟು ಮಂದಿ ಟಿಸಿ ಕೇಳುತ್ತಾರೆ.

ಹೆತ್ತವರಿಗೂ ಒಂದು ಕೆಲಸ ಉಂಟು. ಮುಂದಿನ ಪಿಟಿಎ ಸಭೆಯಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ‘ಈ ಸಲ ಪರೀಕ್ಷೆಗೆ ಎಷ್ಟು ಮಕ್ಕಳನ್ನು ಕೂರಿಸುತ್ತೀರಿ ಟೀಚರ್? ಉಳಿದವರನ್ನು ಯಾಕೆ ಕೂರಿಸುವುದಿಲ್ಲ?’ ಜಗಳಕ್ಕಲ್ಲ, ತಿಳಿದುಕೊಳ್ಳಲಿಕ್ಕೆ. ನಿಮ್ಮ ಮಗು ಪಟ್ಟಿಯಲ್ಲಿದ್ದರೂ ಕೇಳಿ. ಅಂಗಡಿ ಚೀಟಿಯನ್ನು ಬಾಯಲ್ಲೇ ಕೂಡಿಸುವ ಆ ಪಕ್ಕದ ಮನೆಯ ಹುಡುಗಿಯ ಪರವಾಗಿ ಕೇಳುವವರು ಬೇರೆ ಯಾರೂ ಇಲ್ಲ.