ಹೆಡ್‌ಸೆಟ್ ತೊಡಬೇಕಾದವರು ಯಾರು?

ಶಾಲೆಗಳಲ್ಲಿ ಸಂಜ್ಞಾ ಭಾಷೆ ಕಲಿಸಲು ವರ್ಚುವಲ್ ರಿಯಾಲಿಟಿ ಬಳಸಬಹುದು ಎಂಬ ಮಾತು ಈಗ ಶಿಕ್ಷಣ ವಲಯದಲ್ಲಿ ಕೇಳಿಬರುತ್ತಿದೆ. ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ ತೊಟ್ಟರೆ ಗುರು ಎದುರಿಗೇ ನಿಂತು ಕೈಸನ್ನೆ ಮಾಡಿದಂತೆ ಕಾಣುತ್ತದೆ. ಇದನ್ನು ಕೇಳಿದ ದಾನಿಗಳು, ‘ಕಿವುಡ ಮಕ್ಕಳ ಶಾಲೆಗೆ ಹತ್ತು ಹೆಡ್‌ಸೆಟ್ ಕೊಡಿಸೋಣ’ ಎಂದು ಮುಂದಾಗುವುದು ಸಹಜ. ಉದ್ದೇಶ ಒಳ್ಳೆಯದೇ. ಆದರೂ ನನ್ನ ಅಭಿಪ್ರಾಯ ಬೇರೆ. ಆ ಹೆಡ್‌ಸೆಟ್ಟನ್ನು ಮೊದಲು ತೊಡಬೇಕಾದವರು ಕಿವುಡ ಮಗುವಿನ ಸುತ್ತ ಇರುವ, ಕಿವಿ ಕೇಳುವ ನಾವು.

ಸಂಜ್ಞಾ ಭಾಷೆ ಎಂದರೆ ಕನ್ನಡವನ್ನೇ ಕೈಯಲ್ಲಿ ಆಡಿ ತೋರಿಸುವುದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಅದಕ್ಕೆ ತನ್ನದೇ ವ್ಯಾಕರಣವಿದೆ. ಭಾರತೀಯ ಸಂಜ್ಞಾ ಭಾಷೆಯಲ್ಲಿ ‘ಏನು’, ‘ಎಲ್ಲಿ’ ಎಂಬ ಪ್ರಶ್ನೆಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಹೌದು ಅಥವಾ ಇಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಯನ್ನು ಹುಬ್ಬೇರಿಸಿ ಕೇಳುತ್ತಾರೆ. ಕೈಯ ಆಕಾರ, ಅದು ಇರುವ ಜಾಗ, ಚಲನೆ, ಅಂಗೈ ತಿರುಗಿದ ದಿಕ್ಕು, ಇವುಗಳಲ್ಲಿ ಒಂದು ಬದಲಾದರೂ ಅರ್ಥ ಬದಲಾಗಬಹುದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ, ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲೇ ಪಾಠವಾಗಬೇಕು ಎಂದು ನಿರ್ಣಯಿಸಿತು. ಅದರ ಪರಿಣಾಮವಾಗಿ ಹಲವು ದೇಶಗಳ ಶಾಲೆಗಳಿಂದ ಈ ಭಾಷೆ ಹೊರಬಿತ್ತು. ಆ ನಿರ್ಣಯಕ್ಕೆ ವಿಷಾದ ವ್ಯಕ್ತವಾದದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್ ಸಮ್ಮೇಳನದಲ್ಲಿ.

ನಮ್ಮ ದೇಶದಲ್ಲಿ ಈಗ ಬಾಗಿಲು ತೆರೆದಿದೆ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಅದರ ನಿಘಂಟು 2021ರ ಹೊತ್ತಿಗೆ 10,000 ಪದಗಳಿಗೆ ಬೆಳೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ಭಾಷೆಯನ್ನು ದೇಶದಾದ್ಯಂತ ಏಕರೂಪಗೊಳಿಸಿ ಪಠ್ಯಸಾಮಗ್ರಿ ಸಿದ್ಧಪಡಿಸಬೇಕು ಎಂದಿದೆ. ಪದಗಳು ಸಿದ್ಧವಾಗಿವೆ, ಅವುಗಳನ್ನು ಆಡುವ ಜನ ಸಾಲದು.

ಜನ ಕಲಿತರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಕಿವುಡರ ಸಂಖ್ಯೆ ಬೇರೆ ಊರುಗಳಿಗಿಂತ ಹೆಚ್ಚು. ಯಾವ ಸರ್ಕಾರಿ ಯೋಜನೆಯೂ ಇಲ್ಲದೆ ಅಲ್ಲಿ ಒಂದು ಸಂಜ್ಞಾ ಭಾಷೆ ತಾನಾಗಿ ಬೆಳೆಯಿತು. ಭಾಷಾಶಾಸ್ತ್ರಜ್ಞರು ಅದನ್ನು ಅಲೀಪುರ ಸಂಜ್ಞಾ ಭಾಷೆ ಎಂದೇ ದಾಖಲಿಸಿದ್ದಾರೆ. ಕಿವಿ ಕೇಳುವ ನೆಂಟರು, ನೆರೆಹೊರೆಯವರು ಕೂಡ ಅದನ್ನು ಬಳಸುತ್ತಾರೆ. ಆ ಊರಿಗೆ ಯಂತ್ರ ಬೇಕಾಗಲಿಲ್ಲ. ಜೊತೆಗೆ ಬದುಕಿದ್ದೇ ಸಾಕಾಯಿತು. ಉಳಿದ ಊರುಗಳಲ್ಲಿ ಕಿವುಡ ಮಗು ಬಹುತೇಕ ಒಂಟಿ. ಇಂಥ ಮಕ್ಕಳಲ್ಲಿ ಹೆಚ್ಚಿನವರ ತಂದೆತಾಯಿಗೆ ಕಿವಿ ಕೇಳುತ್ತದೆ, ಸಂಜ್ಞಾ ಭಾಷೆ ಬರುವುದಿಲ್ಲ.

ಇಲ್ಲಿ ಯಂತ್ರದಿಂದ ನಿಜವಾದ ಉಪಯೋಗವಿದೆ. ಪುಸ್ತಕದ ಚಿತ್ರದಲ್ಲಿ ಚಲನೆ ಕಾಣದು. ಮೊಬೈಲಿನ ವಿಡಿಯೋದಲ್ಲಿ ಕೈ ಮುಂದಕ್ಕೆ ಚಾಚಿತೋ ಪಕ್ಕಕ್ಕೆ ಸರಿಯಿತೋ ಎಂಬುದು ಸ್ಪಷ್ಟವಾಗದು. ಎದುರು ನಿಂತವರ ಎಡ ನಮಗೆ ಬಲವಾಗಿ ಗೊಂದಲವಾಗುತ್ತದೆ. ಹೆಡ್‌ಸೆಟ್‌ನಲ್ಲಾದರೆ ಸನ್ನೆ ಮಾಡುವವರ ಸುತ್ತ ತಿರುಗಿ, ಅವರ ಬೆನ್ನ ಹಿಂದೆ ನಿಂತೂ ನೋಡಬಹುದು. ಅದರ ಕ್ಯಾಮೆರಾಗಳು ನಮ್ಮ ಬೆರಳುಗಳನ್ನು ಗುರುತಿಸಿ ತಪ್ಪು ತೋರಿಸಬಲ್ಲವು. ಐವತ್ತು ದಾಟಿದ ಮೇಷ್ಟ್ರು ಯಾರ ಮುಂದೆಯೂ ನಾಚಿಕೊಳ್ಳದೆ ನೂರು ಸಲ ಅಭ್ಯಾಸ ಮಾಡಬಹುದು.

ಮಿತಿಗಳೂ ಇವೆ. ಒಂದು ಕೈ ಇನ್ನೊಂದನ್ನು ಮರೆಮಾಡಿದರೆ ಕ್ಯಾಮೆರಾ ತಡವರಿಸುತ್ತದೆ. ಇಂಗ್ಲಿಷ್ ಅಕ್ಷರಗಳನ್ನು ಅಮೆರಿಕದವರು ಒಂದೇ ಕೈಯಲ್ಲಿ ತೋರಿಸುತ್ತಾರೆ. ನಮ್ಮಲ್ಲಿ ಬಳಕೆಯಲ್ಲಿರುವುದು ಎರಡು ಕೈಯ ಪದ್ಧತಿ. ಆದ್ದರಿಂದ ಅಲ್ಲಿಯ ತಂತ್ರಾಂಶವನ್ನು ಹಾಗೇ ತಂದು ಕೂರಿಸಲಾಗದು. ಹುಬ್ಬು, ಕಣ್ಣುಗಳಲ್ಲಿ ಅಡಗಿದ ವ್ಯಾಕರಣವನ್ನು ಹೆಡ್‌ಸೆಟ್ಟೇ ಮುಚ್ಚಿಬಿಡುತ್ತದೆ. ಎಲ್ಲಕ್ಕಿಂತ ದೊಡ್ಡದು ವಯಸ್ಸಿನ ಪ್ರಶ್ನೆ. ಮೆಟಾ ಕಂಪನಿ ತನ್ನ ಕ್ವೆಸ್ಟ್ ಹೆಡ್‌ಸೆಟ್ 10 ವರ್ಷದೊಳಗಿನವರಿಗಲ್ಲ ಎನ್ನುತ್ತದೆ. ಮಗುವಿನಲ್ಲಿ ಭಾಷೆ ಬೇರೂರುವುದು ಮೊದಲ ಐದಾರು ವರ್ಷಗಳಲ್ಲಿ. ಆ ವಯಸ್ಸಿನಲ್ಲಿ ಮಗುವಿಗೆ ಬೇಕಾದದ್ದು ತನ್ನೊಡನೆ ಸನ್ನೆಯಲ್ಲಿ ಮಾತನಾಡುವ ತಾಯಿ, ಅಂಗನವಾಡಿ ಕಾರ್ಯಕರ್ತೆ, ಒಂದನೇ ತರಗತಿಯ ಶಿಕ್ಷಕಿ.

ಸರ್ಕಾರಿ ಎಂಜಿನಿಯರ್ ಆಗಿ ಮೂರು ದಶಕ ಎಸ್ಟಿಮೇಟ್ ಬರೆದವನು ನಾನು. ಯಂತ್ರದ ಬೆಲೆ ಮೊದಲ ಸಾಲಿನಲ್ಲೇ ಇರುತ್ತದೆ. ಅದನ್ನು ನಡೆಸುವವನ ಸಂಬಳ ಎಷ್ಟೋ ಸಲ ಕೊನೆಯ ಸಾಲಿನಲ್ಲೂ ಇರುವುದಿಲ್ಲ. ಪಂಪ್‌ಹೌಸ್ ಕಟ್ಟಿ, ಆಪರೇಟರ್ ಹುದ್ದೆ ಮಂಜೂರಾಗದೆ ಬೀಗ ಜಡಿದದ್ದನ್ನು ಕಂಡಿದ್ದೇನೆ. ಇಲ್ಲಿಯೂ ಹಾಗಾಗಬಾರದು. ನನ್ನ ಎಸ್ಟಿಮೇಟಿನ ಮೊದಲ ಸಾಲು, ಸಂಜ್ಞಾ ಭಾಷೆಯಲ್ಲಿ ತರಬೇತಿ ಪಡೆದ ಒಬ್ಬ ಕಿವುಡ ಶಿಕ್ಷಕರ ಸಂಬಳ. ಆ ಭಾಷೆ ಅವರದು. ಪಾಠವನ್ನು ಚಿತ್ರೀಕರಿಸುವಾಗಲೂ ತಪ್ಪು ತಿದ್ದುವಾಗಲೂ ಕೊನೆಯ ಮಾತು ಅವರದೇ ಆಗಬೇಕು. ಎರಡನೆಯ ಸಾಲು, ನಾಲ್ಕೈದು ಶಾಲೆಗಳು ಸರದಿಯಂತೆ ಬಳಸುವ ಎರಡು ಹೆಡ್‌ಸೆಟ್. ಮೂರನೆಯದು ದುರಸ್ತಿ ಮತ್ತು ಬ್ಯಾಟರಿ. ಶಿಕ್ಷಕರು, ಪೋಷಕರು, ಹೈಸ್ಕೂಲ್ ಮಕ್ಕಳು ದಿನಕ್ಕೆ ಹದಿನೈದು ನಿಮಿಷ ಅಭ್ಯಾಸ ಮಾಡಲಿ. ಆಮೇಲೆ ಅದನ್ನು ತೆಗೆದಿಟ್ಟು, ಕಿವುಡ ಶಿಕ್ಷಕರ ಮುಂದೆ ಮುಖಕ್ಕೆ ಮುಖ ಕೊಟ್ಟು ಮಾತನಾಡಲಿ.

‘ಕಿವಿ ಕೇಳುವ ಮಕ್ಕಳಿಗೆ ಇದರ ಹೊರೆ ಏಕೆ?’ ಎಂದು ಕೆಲವರು ಕೇಳಬಹುದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಶ್ರವಣದೋಷ ಉಳ್ಳವರು ಸುಮಾರು 50 ಲಕ್ಷ. ಇಷ್ಟು ಜನರ ಭಾಷೆ ಅವರವರ ನಡುವೆಯೇ ಉಳಿದರೆ ಬ್ಯಾಂಕು, ಆಸ್ಪತ್ರೆ, ಬಸ್ ನಿಲ್ದಾಣ ಎಲ್ಲವೂ ಅವರಿಗೆ ಪರದೇಶವೇ.

ಮಠಗಳ ಆಶ್ರಯದಲ್ಲಿ ನೂರಾರು ಶಾಲೆಗಳು ನಡೆಯುತ್ತಿವೆ. ಪ್ರಸಾದ ನಿಲಯದಲ್ಲಿ ಎಲ್ಲ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಆ ಪಂಕ್ತಿಯಲ್ಲಿ ಕೂತ ಕಿವುಡ ಮಗುವನ್ನು ಅದರ ಭಾಷೆಯಲ್ಲೇ ‘ಊಟ ಆಯಿತಾ?’ ಎಂದು ಕೇಳಬಲ್ಲವರು ಎಷ್ಟು ಮಂದಿ ಇದ್ದಾರೆ? ಆಡಳಿತ ಮಂಡಳಿಗಳು ಹೆಡ್‌ಸೆಟ್‌ನ ದರಪಟ್ಟಿ ತರಿಸುವ ಮೊದಲು ಈ ಲೆಕ್ಕ ಹಾಕಲಿ.